ವಿಳಾಸ ಸಾಕು, ಒಳಗಿನದು ಬೇಡ

ಯುನಿಕ್ಸ್ ಯಂತ್ರ ಕಾಯುವವನಿಗೆ ನಗೆಗೆ ಬರವಿಲ್ಲ. ಯಂತ್ರ ಸುಮ್ಮನಿದ್ದರೂ ಮಂದಿ ಸುಮ್ಮನಿರುವುದಿಲ್ಲ. ಎರಡು ಸಾವಿರನೇ ಇಸವಿಯ ಆಚೀಚೆ ಶಹಾಬಾದಿನ ಹಾಸುಗಲ್ಲಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೋಣೆ ನನ್ನ ಕೈಯಲ್ಲಿತ್ತು. ಆ ವರ್ಷ ಲಾರಿ ತೂಗುವ ಕಾಟಾದ ಕಂಪ್ಯೂಟರ್ ಮೇಲಿಂದ ಮೇಲೆ ನಿಲ್ಲತೊಡಗಿತು. ಗೇಟಿನಲ್ಲಿ ಲಾರಿಗಳ ಸಾಲು, ಡ್ರೈವರುಗಳ ಬೈಗುಳ. ಸರಿಯಾಗದಿದ್ದರೆ ಕೋಣೆಯನ್ನೇ ಹೈದರಾಬಾದಿಗೆ ಒಯ್ಯುತ್ತೇವೆ ಎಂದಿತು ಹೆಡ್ಡಾಫೀಸು. ಅದು ನಾನು ಕಟ್ಟಿ ನಿಲ್ಲಿಸಿದ ಕೋಣೆ. ನನಗೆ ಮೈ ಉರಿದುಹೋಯಿತು.

ಪೂರಾ ಹಿಡೀರಿ

ಮಾಹಿತಿ ತಂತಿಯಲ್ಲಿ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಓಡುತ್ತದೆ. ಮುಂದೆ ಎಲ್ಲಿಂದ ಎಲ್ಲಿಗೆ ಎಂಬ ವಿಳಾಸ, ಹಿಂದೆ ಸರಕು, ಅಂದರೆ ಒಳಗಿನ ವಿಷಯ. ಕಾಟಾ ಯಾಕೆ ನಿಲ್ಲುತ್ತದೆಂದು ತಿಳಿಯಲು ಅವುಗಳ ನಕಲು ಹಿಡಿದಿಡುವ ತಂತ್ರಾಂಶ ನನ್ನಲ್ಲಿತ್ತು.

"ಮುಂದಿನ ವಿಳಾಸದ ಒಂದಿಷ್ಟು ಬೈಟ್ ಸಾಕ್ರಿ ಸರ್, ಮಿತಿ ಹಾಕ್ತೀನಿ" ಎಂದೆ.

ಕಂಪನಿಯ ಮ್ಯಾನೇಜರ್ ಒಪ್ಪಲಿಲ್ಲ. "ಅರ್ಧಾ ಯಾಕ್ರೀ? ಪೂರಾ ಹಿಡೀರಿ!"

ಹಿಡಿದೆ. ಮಧ್ಯಾಹ್ನದೊಳಗೆ, ಕಾಟಾದ ಲೆಕ್ಕವೂ ಇದ್ದ ಡಿಸ್ಕ್ ತುಂಬಿ ಕಾಟಾ ಪೂರ್ತಿ ಮಲಗಿತು. ಮ್ಯಾನೇಜರ್ ಡಿಸ್ಕಿನತ್ತ ನೋಡಿ, "ಡಬ್ಬಾನೇ ಛೋಟಾ ತಂದೀರಿ" ಎಂದರು.

ಪೋಸ್ಟ್‌ಮನ್

ನಾನು ಎಲ್ಲರ ಮೇಲ್ ಓದುತ್ತೇನೆಂದು ಸುದ್ದಿ ಹಬ್ಬಿತು. ಚಿತ್ತಾಪುರದಿಂದ ರೈಲಿನಲ್ಲಿ ಬರುವ ಅಕೌಂಟೆಂಟ್ ಬಿಸಿ ಮಿರ್ಚಿ ಭಜಿ ತಂದು ಮುಂದಿಟ್ಟರು. "ನಂದು ಓದಬ್ಯಾಡ್ರಿ. ತಂಗಿ ಸಂಬಂಧದ ಮಾತು ನಡದದ."

"ಗಾಬರಿ ಆಗಬ್ಯಾಡ್ರಿ. ಪೋಸ್ಟ್‌ಮನ್ ಇದ್ದಂಗ, ವಿಳಾಸ ಅಷ್ಟೇ ನೋಡ್ತೀನಿ" ಎಂದೆ.

ಅವರ ಮುಖ ಇನ್ನೂ ಸಪ್ಪಗಾಯಿತು. "ನಮ್ಮ ಅಕ್ಕನ ಸಂಬಂಧ ಕೂಡ್ಯದ ಅಂತ ಊರಿಗೆಲ್ಲಾ ಹೇಳಿದಂವಾ ಪೋಸ್ಟ್‌ಮನ್ನೇ ರೀ!"

ಹೆಡ್ಡಾಫೀಸಿನ ಸಾಹೇಬರು

ಕೋಣೆಯ ಹಣೆಬರಹ ತೀರ್ಮಾನಿಸಲು ಹೈದರಾಬಾದಿನಿಂದ ಸಾಹೇಬರು ಬಂದು ಮ್ಯಾನೇಜರರ ಕೋಣೆಯಲ್ಲಿ ಕುಳಿತರು. ಈ ಸಲ ಯಾರನ್ನೂ ಕೇಳದೆ ಮಿತಿ ಹಾಕಿ ಹಿಡಿದಿದ್ದೆ. ಡಿಸ್ಕ್ ಅಲುಗಲಿಲ್ಲ, ಕಳ್ಳ ಸಿಕ್ಕಿದ. ಒಂದೇ ಕಂಪ್ಯೂಟರಿನ ಸರಕು ತಂತಿಯನ್ನೆಲ್ಲ ತುಂಬಿ, ಕಾಟಾಕ್ಕೆ ದಾರಿಯೇ ಇಲ್ಲದಂತೆ ಮಾಡಿತ್ತು. ಆ ಹೊತ್ತು ನನಗಾದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

"ಎಲ್ಲಿಂದ ಹೊಂಟದ ಇದು?" ಸಾಹೇಬರು ಕೇಳಿದರು.

"ಮ್ಯಾನೇಜರ್ ಸಾಹೇಬ್ರ ಇದೇ ಖೋಲಿಯಿಂದ್ರಿ, ಸೇಡಂ ಗೋದಾಮಿಗೆ."

ಮ್ಯಾನೇಜರ್ ಬೆವರಿದರು. "ಒಳಗೇನದ ಅಂತ ನೋಡೀರೇನು?"

"ಇಲ್ರಿ ಸರ್. ವಿಳಾಸದ ತನಕ ಅಷ್ಟೇ ಹಿಡಿದೀನಿ."

ಅವರಿಗೆ ಜೀವ ಬಂತು. "ಒಳಗ ಆಫೀಸಿನ ಹಿಸಾಬ್ ಅದ್ರಿ ಸಾಹೇಬ್ರ!"

ಅಷ್ಟರಲ್ಲಿ ಮ್ಯಾನೇಜರರ ಮೇಜಿನ ಫೋನ್ ರಿಂಗಾಯಿತು. ಸಾಹೇಬರೇ ಸ್ಪೀಕರ್ ಒತ್ತಿದರು. ಸೇಡಂ ಗೋದಾಮಿನವ ಕೂಗಿದ: "ಸರ್, ನಿಮ್ಮ ಮಗಳ ಮದುವಿ ವಿಡಿಯೋ ಬೀಗರು ಊಟಕ್ಕ ಕುಂತಲ್ಲೇ ನಿಂತದ. ಮುಂದಿಂದು ಲಗೂನ ಕಳಸ್ರಿ, ಎಲ್ಲಾರೂ ಕಾಯ್ಲಿಕತ್ತಾರ!"

ಸಾಹೇಬರು ನನ್ನ ಬೆನ್ನು ತಟ್ಟಿದರು. "ಕಂಪ್ಯೂಟರ್ ಖೋಲಿ ಇಲ್ಲೇ ಇರ್ಲಿ. ಹೈದರಾಬಾದಿಗೆ ಮ್ಯಾನೇಜರ್ ಒಬ್ಬರನ್ನೇ ಒಯ್ತೀನಿ."