ಗ್ರಾಫಿಕ್ಸ್ ಕಾರ್ಡಿಗೊಂದು ಅಳತೆ ಕುಪ್ಪಸ

ವಯಸ್ಸಾದಂತೆ ಆಸೆ ಕಡಿಮೆಯಾಗುತ್ತದೆ ಎನ್ನುವವರು ನಮ್ಮ ಮನೆಗೆ ಬಂದಿಲ್ಲ. ಎಪ್ಪತ್ತೆರಡರಲ್ಲಿ ನಾನು ವಿಮಾನ ಹಾರಿಸುತ್ತೇನೆ. ಗಾಬರಿ ಬೇಡ, ಗುಡಗೇರಿಯ ನಮ್ಮ ಪಡಸಾಲೆಯಲ್ಲಿ, ಕಂಪ್ಯೂಟರಿನೊಳಗೆ. ಕಾನ್ವೆಂಟಿನಲ್ಲಿ 'ಐ ವಿಲ್ ಬಿ ಎ ಪೈಲಟ್' ಎಂದಾಗ ಸಿಸ್ಟರ್, 'ಫಸ್ಟ್ ಲರ್ನ್ ಟು ಹೆಮ್ ಎ ಹ್ಯಾಂಕರ್‌ಚೀಫ್, ಡಿಯರ್' ಎಂದು ಕೈಗೆ ಸೂಜಿ ಕೊಟ್ಟಿದ್ದರು. ಆ ಕರವಸ್ತ್ರ ಈಗಲೂ ಇದೆ. ವಿಮಾನ ಬರುವುದು ಮಾತ್ರ ಐವತ್ತೆಂಟು ವರ್ಷ ಲೇಟಾಯಿತು.

ಬಂದ ವಿಮಾನವಾದರೂ ನೆಟ್ಟಗೆ ಇಳಿಯಬೇಕಲ್ಲ! ರನ್‌ವೇ ಹತ್ತಿರವಾದೊಡನೆ ಸ್ಕ್ರೀನ್ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ನಾನು ಯಾರದೋ ಹೊಲದಲ್ಲಿರುತ್ತಿದ್ದೆ. "ತಪ್ಪು ನಂದಲ್ಲ ಮೆಹರೂ, ಚಿತ್ರ ತಡೆಯಿಲ್ದೆ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಇಲ್ಲ" ಎಂದು ಬಾಜೂ ಮನೆಯ ಟೇಲರ್ ಮೆಹರುನ್ನಿಸಾಗೆ ದಿನವೂ ಹೇಳುತ್ತಿದ್ದೆ. ಕಾರ್ಡ್ ಬಂದ ದಿನ ಅವಳನ್ನೇ ಪ್ಯಾಸೆಂಜರ್ ಮಾಡಿಕೊಂಡು ಸೇಫ್ ಆಗಿ ಇಳಿಸುತ್ತೇನೆಂದು ಪ್ರಾಮಿಸ್ ಕೂಡ ಮಾಡಿಬಿಟ್ಟಿದ್ದೆ.

ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದರೆ, ಕ್ಯಾಬಿನೆಟ್ಟಿನಲ್ಲಿ ಜಾಗ ಎಷ್ಟು, ಪವರ್ ಸಪ್ಲೈ ಎಷ್ಟು ವ್ಯಾಟಿನದು ಎಂದು ಕೇಳಿ, "ನೋಡಿ ಒಯ್ರಿ, ಡಬ್ಬಿ ಒಡದ ಮ್ಯಾಲೆ ವಾಪಸ್ ತಗೊಳಂಗಿಲ್ರಿ" ಎಂದರು. ನನ್ನದೋ ಗೇಣುದ್ದದ ಕ್ಯಾಬಿನೆಟ್. ಫೋನಿಟ್ಟವಳೇ ಮೆಹರು ಹತ್ತಿರ ಓಡಿದೆ.

ಮೆಹರು ಕತ್ತರಿ ಕೆಳಗಿಡದೆಯೇ ದಾರಿ ತೋರಿಸಿದಳು. "ಬಾಯಾರ, ನೀವು ಕುಬಸ ಹೊಲಸಾಕ ಬಂದ್ರ ನಾ ಏನ್ ಕೇಳ್ತೀನಿ? ಅಳತಿ ಕುಬಸ ಕೊಡ್ರಿ ಅಂತೀನಿ. ನಿಮ್ಮ ಕಂಪ್ಯೂಟರ್ ಡಬ್ಬಿಗೂ ಒಂದು ಅಳತಿ ಕುಬಸ ಒಯ್ರಲ್ಲಾ!"

ಕ್ಯಾಬಿನೆಟ್ ಬಿಚ್ಚಿದೆವು. ಸೀರೆ ಬಾಕ್ಸಿನ ರಟ್ಟನ್ನು ಒಳಗಿಟ್ಟು, ತಾಗಿದಲ್ಲೆಲ್ಲ ಕತ್ತರಿಸಿ, ಯಾವ ವೈರಿಗೂ ಮುಟ್ಟದಂತೆ ಕೂರಿಸಿದಳು. ಪವರ್ ಸಪ್ಲೈ ಮೇಲಿದ್ದ ವ್ಯಾಟಿನ ಅಂಕಿಗಳನ್ನು ರಟ್ಟಿನ ಹಿಂದೆ ನನ್ನ ಕಾನ್ವೆಂಟ್ ಕರ್ಸಿವ್‌ನಲ್ಲಿ ಇಳಿಸಿಕೊಂಡೆ.

ಹುಬ್ಬಳ್ಳಿಗೆ ಹೋದಾಗ ಅಂಗಡಿಯಾತ ಮೂರು ಫ್ಯಾನಿನ ಭಾರಿ ಕಾರ್ಡೊಂದನ್ನು ಮುಂದಿಟ್ಟ. "ಅಮ್ಮಾರ, ಕಣ್ಣು ಮುಚ್ಚಿ ಒಯ್ರಿ. ಎಲ್ಲಾದಕ್ಕೂ ಕೂಡತೈತಿ."

ನಾನು ಚೀಲದಿಂದ ರಟ್ಟು ತೆಗೆದು ಅದರ ಮೇಲಿಟ್ಟೆ. ಕಾರ್ಡು ನಾಲ್ಕು ಬೆರಳು ಹೊರಗೆ!

"ಕೂಡಂಗಿಲ್ಲಪಾ" ಎಂದೆ. ಆತ ನಗುತ್ತಲೇ ರಟ್ಟು ತಿರುವಿ, ವ್ಯಾಟ್ ಓದಿ, ನಗು ನಿಲ್ಲಿಸಿದ.

"ಯಾವ ಇಂಜಿನಿಯರ್ ಮಾಡಿಕೊಟ್ಟಾರ್ರಿ ಇದನ್ನ?"

"ನಮ್ಮ ಕುಬಸ ಹೊಲಿಯಾಕಿ."

ಆತ ಒಳಗೆ ಹೋಗಿ ಒಂದೇ ಫ್ಯಾನಿನ, ಬೇರೆ ಪವರ್ ವೈರೂ ಬೇಡದ ಪುಟ್ಟ ಕಾರ್ಡು ತಂದ. ರಟ್ಟಿಗಿಂತ ಅದು ಅರ್ಧ ಬೆರಳು ಚಿಕ್ಕದು. ಮನೆಯಲ್ಲಿ ಅದು ಟಕ್ಕೆಂದು ಕೂತಾಗ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಸ್ಕ್ರೀನ್ ಹೊತ್ತಿಕೊಂಡಿತು. ಓಹ್, ಹೌ ಬ್ಯೂಟಿಫುಲ್! ಮೋಡದ ಅಂಚು, ನದಿಯ ಹೊಳಪು, ರನ್‌ವೇಯ ಒಂದೊಂದು ದೀಪ, ಎಲ್ಲಿಯೂ ತಡೆಯಿಲ್ಲ. ಹದಿನಾಲ್ಕರ ಹುಡುಗಿಯಂತೆ ಕಣ್ಣು ತುಂಬಿಕೊಂಡು ವಿಮಾನ ಇಳಿಸಿದೆ.

ಹೊಲದಲ್ಲಿ. ಈ ಸಲ ಬೆಳೆಯ ಒಂದೊಂದು ಎಲೆಯೂ ಸ್ಪಷ್ಟವಾಗಿ ಕಾಣುತ್ತಿತ್ತು.

ಪ್ಯಾಸೆಂಜರ್ ಮೆಹರು ಕುರ್ಚಿಯಿಂದ ನಿಧಾನಕ್ಕೆ ಎದ್ದಳು. "ಅಳತಿ ಅಗದಿ ಬರೊಬ್ಬರಿ ಐತಿ, ಬಾಯಾರ. ಹೊಲಿಯೋ ಕೈನ ಸೊಟ್ಟ ಐತಿ."

ನಾನು ಒಪ್ಪಲಿಲ್ಲ. ಸದ್ಯ ಕುರ್ಚಿಯ ಎತ್ತರ ಸರಿಯಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ.