ಎರಡು ಫ್ಲಾಪಿ, ಒಂದು ಕುಂಕುಮ

ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ: ಬೇರೆ ಬೇರೆ ಇಡುವವರು ಮತ್ತು ಒಟ್ಟಿಗೆ ಸುರಿಯುವವರು. ನಮ್ಮವ್ವ ಮೊದಲನೆಯ ಪೈಕಿ. ಬಿತ್ತನೆ ರಾಗಿಗೆ ಒಂದು ಮಡಕೆ, ಉಣ್ಣುವ ರಾಗಿಗೆ ಇನ್ನೊಂದು. ಬಿತ್ತನೆ ರಾಗಿಗೆ ಬೂದಿ ಬೆರೆಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತಿಟ್ಟಳೆಂದರೆ ಮುಗಿಯಿತು, ಮನೆಮಂದಿಯೆಲ್ಲ ಗಂಜಿ ಕುಡಿದು ಮಲಗಿದರೂ ಅದಕ್ಕೆ ಕೈ ಹಾಕುವಂತಿಲ್ಲ. ನಾನು ಎರಡನೆಯವನು. ನನ್ನ ಕೈಚೀಲದಲ್ಲಿ ಊಟದ ಡಬ್ಬಿ, ಸೈಕಲ್ ಪಂಪಿನ ವಾಷರು, ಅರ್ಧ ತಿಂದ ಸೀಬೆಹಣ್ಣು, ಒಗೆದ ಟವೆಲ್ಲು, ಒಗೆಯಬೇಕಾದ ಟವೆಲ್ಲು ಎಲ್ಲವೂ ಅಣ್ಣತಮ್ಮಂದಿರಂತೆ ಬಾಳುತ್ತವೆ. “ನಿಮ್ ಚೀಲಕ್ಕೆ ಕೈ ಹಾಕೋದೂ ಒಂದೇ, ಹುತ್ತಕ್ಕೆ ಕೈ ಹಾಕೋದೂ ಒಂದೇ” ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಇಂಥವನ ಕೈಗೆ, ಎಂಬತ್ತರ ದಶಕದ ನಡುವಿನಲ್ಲಿ, ಹೊಸೂರಿನ ಒಂದು ಕಾರ್ಖಾನೆಯವರು ಕಂಪ್ಯೂಟರ್ ಒಪ್ಪಿಸಿದರು ಎಂದರೆ ನೀವು ನಂಬಬೇಕು.

ನಾನು ಅಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಹೊಸೂರಿನಲ್ಲಿ ಟೈಪಿಂಗ್ ಕಲಿತಿದ್ದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಆರಿಸಿದರು. ಆಹಾ, ಆ ಯಂತ್ರದ ವೈಭೋಗವೇ ವೈಭೋಗ! ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೆ ಏರ್ ಕಂಡಿಷನ್. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಮ್ಯಾನೇಜರ್ ಸುಂದರಂ ಸಾಹೇಬರ ತಲೆಯ ಮೇಲೆ ಹಳೆಯ ಫ್ಯಾನು ಕಿರ್ ಕಿರ್ ಎನ್ನುತ್ತಿದ್ದಾಗ ನಾನು ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದೆ. ಕೆಲಸವಿಲ್ಲದವರೂ ಸಹಿ ಹಾಕಿಸುವ ನೆಪ ಮಾಡಿಕೊಂಡು ಒಳಗೆ ಬಂದು, ಒಂದೆರಡು ನಿಮಿಷ ತಣ್ಣಗಾಗಿ, ಟಿವಿಯಂಥ ಅದರ ಮುಖಕ್ಕೆ ಕೈಮುಗಿದು ಹೋಗುತ್ತಿದ್ದರು. ನಾನು ಪೂಜಾರಿಯ ಗತ್ತಿನಲ್ಲಿ ತಲೆಯಾಡಿಸುತ್ತಿದ್ದೆ.

ಯಂತ್ರವನ್ನು ಕೂರಿಸಲು ಮದರಾಸಿನಿಂದ ಒಬ್ಬ ಇಂಜಿನಿಯರು ಬಂದಿದ್ದರು. ಅವರು ನನ್ನ ಕೈಗೆ ಹಪ್ಪಳದಷ್ಟು ತೆಳ್ಳಗಿನ ಎರಡು ಕರಿಯ ಚೌಕಗಳನ್ನು ಕೊಟ್ಟರು. ಅವೇ ಫ್ಲಾಪಿಗಳು. ಒಂದರಲ್ಲಿ ಕಾರ್ಖಾನೆಯ ಅಸಲಿ ಕೆಲಸಗಾರರ ವಿವರ: ಹೆಸರು, ಕೆಲಸ, ಊರು. ಇನ್ನೊಂದು ಬರೀ ಟ್ರಯಲ್ ನೋಡಲು, ಅದರಲ್ಲಿ ಸುಳ್ಳು ಹೆಸರು ತುಂಬಿಸಿ ಲೆಕ್ಕ ಸರಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಟ್ರಯಲ್ ಫ್ಲಾಪಿಯ ಮೇಲೆ ಅವರು ಕೆಂಪು ಶಾಯಿಯಲ್ಲಿ ದೊಡ್ಡ ಚುಕ್ಕೆಯಿಟ್ಟು, ಬೆರಳೆತ್ತಿ, “ತಂಬಿ, ರೆಂಡೂ ಕಲಕ್ಕ ಕೂಡಾದು” ಎಂದರು. ಎರಡೂ ಬೆರೆಯಬಾರದು, ಅಷ್ಟೇ. ಬಿತ್ತನೆ ರಾಗಿ, ಉಣ್ಣೋ ರಾಗಿ ಎಂದು ನಾನು ಥಟ್ಟನೆ ಅರ್ಥಮಾಡಿಕೊಂಡು ಅವ್ವನ ಮಗನೆನಿಸಿಕೊಂಡೆ. ಸುಳ್ಳು ಹೆಸರುಗಳಿಗೆ ಎಎಎ, ಬಿಬಿಬಿ ಅಂತ ಹಾಕಿದರೆ ಸಾಕು ಎಂದೂ ಅವರು ಹೇಳಿದ್ದರು. ಅದು ಮಾತ್ರ ನನಗೆ ರುಚಿಸಲಿಲ್ಲ. ಅಪ್ಪ ಅಮ್ಮ ಇಲ್ಲದವರಂತೆ ಎಎಎ ಎಂಬವನು ಬಿಬಿಬಿ ಎಂಬವನ ಪಕ್ಕ ಲೇಥ್ ತಿರುಗಿಸುವುದೇ! ಅವರು ರೈಲು ಹತ್ತಿದ ಮೇಲೆ ನಾನು ನನ್ನ ಊರಾದ ಹೊಂಗೇಪಲ್ಲಿಯನ್ನೇ ಇಡಿಯಾಗಿ ಫ್ಲಾಪಿಗೆ ಇಳಿಸಿದೆ. ನಮ್ಮ ಚಿನ್ನಪ್ಪ ಮಾವ ಫಿಟ್ಟರ್ ಆದ. ಹಲ್ಲಿಲ್ಲದ ಅಕ್ಕಯ್ಯಮ್ಮಜ್ಜಿಗೆ ವೆಲ್ಡಿಂಗ್ ಕೊಟ್ಟೆ. ಮುನೇಶ್ವರನ ಗುಡಿಯ ಪೂಜಾರಪ್ಪನನ್ನು ಕ್ರೇನಿನ ಮೇಲೆ ಹತ್ತಿಸಿದೆ. ಊರಿನ ಜನ ಮುಗಿದರೂ ಜಾಗ ಉಳಿದಿದ್ದರಿಂದ ನಮ್ಮ ಎತ್ತು ಬಸವನನ್ನು ಹೆಲ್ಪರಾಗಿ ಸೇರಿಸಿಕೊಂಡೆ. ಊರಿನಲ್ಲಿ ನಿಯತ್ತಾಗಿ ದುಡಿಯುತ್ತಿದ್ದದ್ದು ಅವನೊಬ್ಬನೇ.

ಹೊಂಗೇಪಲ್ಲಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅದು ಹೊಸೂರಿನಿಂದ ಹೊರಡುವ ಬೇರಿಕೆ ರಸ್ತೆಯಿಂದ ಒಳಗಿದೆ. ನಮ್ಮೂರಿಗೆ ಯಾವ ಬಸ್ಸೂ ಬರುತ್ತಿರಲಿಲ್ಲ, ದಾರಿ ತಪ್ಪಿ ಕೂಡ ಬರುತ್ತಿರಲಿಲ್ಲ. ಸರೋಜ ಕೆಲಮಂಗಲದವಳು. ಅವರ ಮನೆಯ ಜಗುಲಿಯ ಮೇಲೆ ಕೂತು ಕೈ ಚಾಚಿದರೆ ಬಸ್ಸು ಸಿಗುತ್ತದೆ ಎಂದು ಅವಳ ಹೆಮ್ಮೆ. ಮದುವೆಯಾಗಿ ಬಂದ ದಿನ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ರಾಗಿ ಹೊಲದ ಬದುವಿನ ಮೇಲೆ ನಡೆದು ಬಂದವಳು, ಹೊಸ್ತಿಲ ಮೇಲಿನ ಅಕ್ಕಿ ಒದೆಯುವ ಮೊದಲು ನನ್ನ ಕಿವಿಯಲ್ಲಿ, “ಬಸ್ಸಿಲ್ಲದ ಊರು ಅಂತ ಮೊದ್ಲೇ ಯಾಕ್ ಹೇಳ್ನಿಲ್ಲ?” ಎಂದಿದ್ದಳು. “ತರಿಸ್ತೀನಿ ಬಿಡು” ಎಂದಿದ್ದೆ. ಮದುಮಗ ಏನು ಬೇಕಾದರೂ ಹೇಳುತ್ತಾನೆ. ಆದರೆ ಅವಳು ಅದನ್ನು ಮರೆಯಲಿಲ್ಲ. ಸಾರಿಗೆ ಉಪ್ಪು ಸಾಲದು ಎಂದರೂ ಬಸ್ಸಿನ ಮಾತು ಬರುತ್ತಿತ್ತು. ಕಾರ್ಖಾನೆಗೆ ಬಸ್ಸುಗಳೇನೋ ಇದ್ದವು, ಆದರೆ ಅರ್ಧ ಬಸ್ಸಾದರೂ ತುಂಬುವಷ್ಟು ಕೆಲಸಗಾರರಿರುವ ಊರಿಗೆ ಮಾತ್ರ ಹೋಗುತ್ತಿದ್ದವು. ಯಾವ ಊರಲ್ಲಿ ಎಷ್ಟು ಜನ ಎಂಬ ಪಟ್ಟಿಯನ್ನು ಈಗ ಅಸಲಿ ಫ್ಲಾಪಿ ನೋಡಿ ಕಂಪ್ಯೂಟರೇ ಅಚ್ಚು ಹಾಕುತ್ತಿತ್ತು. ನಮ್ಮೂರಿನಿಂದ ಕೆಲಸಕ್ಕೆ ಹೋಗುತ್ತಿದ್ದವನು ನಾನೊಬ್ಬ, ನನ್ನ ಸೈಕಲ್ಲೊಂದು.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಸೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆ ಎಂದರೆ ಕೇಳಬೇಕೆ! ಲೇಥಿಗೆ ಬಾಳೆಕಂದು, ಕ್ರೇನಿಗೆ ಮಾವಿನೆಲೆ, ಗೇಟಿನಲ್ಲಿ ಒಡೆದ ಬೂದುಗುಂಬಳದ ರಾಶಿ. ಕಂಪ್ಯೂಟರಿಗೆ ಅದು ಮೊದಲ ಪೂಜೆಯಾದ್ದರಿಂದ ಎಲ್ಲರಿಗೂ ಉತ್ಸಾಹ ಹೆಚ್ಚು. ಐನೋರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದು ಯಂತ್ರದ ಹಣೆಗೆ ಇಟ್ಟರು, ಕೀಲಿಗಳಿಗೆ ಇಟ್ಟರು, ಪ್ರಿಂಟರಿಗೆ ಇಟ್ಟರು, ಏರ್ ಕಂಡಿಷನ್ನಿಗೂ ಇಟ್ಟರು. “ಇನ್ನೇನಾದ್ರೂ ಐತಾ?” ಎಂದು ಕೇಳಿದರು. ನಾನು ಭಕ್ತಿಯಿಂದ ಎರಡು ಫ್ಲಾಪಿಗಳನ್ನೂ ಚಾಚಿದೆ. ಇಟ್ಟರು. ದಪ್ಪವಾಗಿ, ದುಂಡಗೆ, ಕೆಂಪಗೆ, ಎರಡರ ಮೇಲೂ.

ಹಬ್ಬದ ಮರುದಿನ ಕೋಣೆಗೆ ಬಂದು ನೋಡುತ್ತೇನೆ, ಎರಡು ಫ್ಲಾಪಿಗಳೂ ಅಕ್ಕತಂಗಿಯರಂತೆ ಕುಂಕುಮವಿಟ್ಟುಕೊಂಡು ಕೂತಿವೆ. ಒರೆಸೋಣವೆಂದರೆ ದೇವರ ಕುಂಕುಮ. ಒರೆಸದೆ ಇದ್ದರೆ ಇಂಜಿನಿಯರ ಚುಕ್ಕೆ ಕಾಣುವುದಿಲ್ಲ. ಯಂತ್ರಕ್ಕೆ ಹಾಕಿ ಒಳಗೇನಿದೆ ಎಂದು ನೋಡುವುದು ನನಗೆ ಹೊಳೆಯಲೇ ಇಲ್ಲ, ಮುನೇಶ್ವರನನ್ನು ನೆನೆದು ಒಂದನ್ನು ಆರಿಸಿ ಅಸಲಿ ಎಂದು ನಿರ್ಧರಿಸಿದೆ. ಟ್ರಯಲ್ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡೋಣವೆಂದು ಹೊಂಗೇಪಲ್ಲಿಯವರನ್ನು ಇನ್ನೊಂದಕ್ಕೆ ಹೊಸದಾಗಿ ಸೇರಿಸಿದೆ, ಒಬ್ಬರನ್ನೂ ಬಿಡದೆ. ಮುನೇಶ್ವರನಿಗೆ ಕಂಪ್ಯೂಟರ್ ವಿಷಯ ಅಷ್ಟಾಗಿ ತಿಳಿಯದು ಎಂಬುದು ಆಮೇಲೆ ಗೊತ್ತಾಯಿತು.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಹಿತ್ತಿಲಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ದೂರದಲ್ಲಿ ಹಾರನ್ ಕೇಳಿಸಿತು. ನಾಯಿಗಳು ಬೊಗಳಿದವು, ಕೋಳಿಗಳು ದಿಕ್ಕಾಪಾಲಾದವು, ಸರೋಜ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದೇ ಬೀದಿಗೆ ಓಡಿದಳು. ಗುಡಿಯ ಮುಂದೆ ನಮ್ಮ ಕಾರ್ಖಾನೆಯ ನೀಲಿ ಬಸ್ಸು! ಡ್ರೈವರ್ ಪೆರುಮಾಳ್ ಕಿಟಕಿಯಿಂದ ತಲೆ ಹೊರಹಾಕಿ, ಕಂಪ್ಯೂಟರಿನ ಉದ್ದ ಕಾಗದ ಬಿಡಿಸಿ, ಕೂಗತೊಡಗಿದ: “ಚಿನ್ನಪ್ಪ, ಫಿಟ್ಟರ್! ಅಕ್ಕಯ್ಯಮ್ಮ, ವೆಲ್ಡರ್! ಬಸವ, ಹೆಲ್ಪರ್! ಬೇಗ ಬರ್ರಿ, ಟೈಮಾಯ್ತು!” ಚಿನ್ನಪ್ಪ ಮಾವ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡೇ ಮುಂದೆ ಬಂದು, “ನಾನೇ ಕಣಪ್ಪಾ ಚಿನ್ನಪ್ಪ. ಏನ್ ಸಮಾಚಾರ?” ಎಂದ. ಟ್ರಯಲ್ ಎಂದು ನಾನು ಹೊಂಗೇಪಲ್ಲಿಯವರನ್ನು ಸೇರಿಸಿದ್ದು ಅಸಲಿ ಫ್ಲಾಪಿಗೇ ಎಂದು ನನಗೆ ಒಮ್ಮೆಗೇ ಅರ್ಥವಾಯಿತು. ಆದರೆ ಸರೋಜಳ ಮುಖ ನೋಡಿದೆ. ಮದುವೆಯ ಫೋಟೋದಲ್ಲೂ ಅವಳು ಹಾಗೆ ನಕ್ಕಿರಲಿಲ್ಲ. “ತರ್ಸೇಬಿಟ್ರಲ್ಲ!” ಎಂದಳು. ನಾನು ಏನು ಮಾಡಲಿ? ಮೀಸೆ ತಿರುವಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಇಡೀ ಬಸ್ಸಿನಲ್ಲಿ ನಾನೊಬ್ಬನೇ. ಪೂಜಾರಪ್ಪ ಓಡಿಬಂದು ಬಸ್ಸಿನ ಮುಂದೆ ತೆಂಗಿನಕಾಯಿ ಒಡೆದ. ಆ ಸುಖವನ್ನು ಹೇಗೆ ಹೇಳಲಿ, ರಾಜರು ಕೂಡ ಅಷ್ಟು ಖಾಲಿ ಸೀಟುಗಳ ನಡುವೆ ಕೂತಿರಲಾರರು.

ಗುಟ್ಟಾಗಿ ಸರಿಪಡಿಸೋಣವೆಂದುಕೊಂಡೆ. ಆದರೆ ಸರಿಪಡಿಸಿದರೆ ಬಸ್ಸು ಹೋಗುತ್ತದೆ, ಬಸ್ಸು ಹೋದರೆ ಸರೋಜಳ ನಗು ಹೋಗುತ್ತದೆ. ನಾಳೆ ನೋಡೋಣ ಎಂದು ಮುಂದೂಡಿದೆ. ಚಿನ್ನಪ್ಪ ಮಾವ ಮುಂದೂಡುವವನಲ್ಲ. ಮರುದಿನ ಕ್ಷೌರ ಮಾಡಿಸಿಕೊಂಡು, ಬಿಳಿ ಪಂಚೆಯುಟ್ಟು, ಮುದ್ದೆ ಕಟ್ಟಿಸಿಕೊಂಡು, ನನಗಿಂತ ಮೊದಲೇ ಬಸ್ಸಿನಲ್ಲಿ ಕೂತಿದ್ದ. “ಮಾವ, ಇಳಿ ಮಾವ, ಅದು ಬರೀ ಟ್ರಯಲ್ಲು” ಎಂದು ಕಾಲು ಹಿಡಿದೆ. “ಹೆಸ್ರು ಹಿಡ್ದು ಕರೆದವ್ರೆ ಕಣ್ಲಾ. ಕರೆದ ಮನೇಗೆ ಹೋಗ್ದಿದ್ರೆ ಮರ್ಯಾದೆ ಅಲ್ಲ” ಎಂದ. ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ತಡೆದಾಗ, ತಾನು ಫಿಟ್ಟರೆಂದು ಎಲ್ಲರಿಗೂ ಕೇಳುವಂತೆ ಸಾರಿದ. ಸುಂದರಂ ಸಾಹೇಬರೇ ಇಳಿದು ಬಂದರು.

“ಯಾರ್ರೀ ಇವರು?” ಎಂದು ಸಾಹೇಬರು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಮಾವನೇ ಹೇಳಿದ: “ನೀವೇ ಬಸ್ ಕಳ್ಸಿ ಹೆಸ್ರು ಕೂಗ್ಸಿದ್ರಿ. ಈಗ ಯಾರು ಅಂತೀರಲ್ಲ ಸ್ವಾಮಿ!”

“ಟ್ರಯಲ್ ಹೆಸರು ಸಾರ್. ಸುಳ್ಳು” ಎಂದೆ ನಾನು ಸಣ್ಣ ದನಿಯಲ್ಲಿ.

“ಯಾವನ್ಲಾ ಸುಳ್ಳು?” ಎಂದು ಮಾವ ನನ್ನ ಕಡೆ ತಿರುಗಿದ. “ನಿನ್ ತೊಟ್ಲು ತೂಗಿದ್ ಕೈ ಇದು. ಸುಳ್ಳಾಗಿದ್ರೆ ತೂಗ್ತಿತ್ತಾ?”

ಸಾಹೇಬರ ಮೀಸೆ ಅದುರಿತು. ಅವರು ನಗು ನುಂಗಿಕೊಂಡರೋ ಕೋಪ ನುಂಗಿಕೊಂಡರೋ ನನಗೆ ತಿಳಿಯಲಿಲ್ಲ. ಮಾವನಿಗೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ ಕಳಿಸಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದು, ಪೂಜೆಯ ಕಥೆಯನ್ನೆಲ್ಲ ಕೇಳಿ, ಸುಳ್ಳು ಹೆಸರುಗಳನ್ನೆಲ್ಲ ಸೋಮವಾರದೊಳಗೆ ಹೆಕ್ಕಿ ತೆಗೆಯಬೇಕು, ಮಂಗಳವಾರದಿಂದ ಹೊಂಗೇಪಲ್ಲಿಗೆ ಬಸ್ಸಿಲ್ಲ ಎಂದರು. ನನಗೆ ಬೈಗುಳ ನಾಟಲಿಲ್ಲ, ಆ ಕೊನೆಯ ಮಾತು ನಾಟಿತು. ಸರೋಜಳಿಗೆ ಏನೆಂದು ಹೇಳುವುದು? ಅವಳು ಆಗಲೇ ಬಸ್ಸು ಬಂತೆಂದು ತವರಿಗೆ ಹೇಳಿಕಳಿಸಿದ್ದಳು. “ಸಾರ್, ಅಸಲಿ ಜನ ಸಿಕ್ಕಿದರೆ?” ಎಂದು ಕೇಳಿದೆ. “ಎತ್ತು ಗಿತ್ತು ಇರಬಾರದು” ಎಂದರು ಸಾಹೇಬರು.

ಆ ಭಾನುವಾರ ನಾನು ಸೈಕಲ್ ತುಳಿದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ನಮ್ಮೂರಿನ ಸುತ್ತ ಏಳೆಂಟು ಹಳ್ಳಿಗಳಿವೆ. ಒಂದೊಂದರಿಂದಲೂ ನಾಲ್ಕೈದು ಮಂದಿ ನಮ್ಮ ಕಾರ್ಖಾನೆಗೇ ಬರುತ್ತಿದ್ದರು, ಒಬ್ಬೊಬ್ಬರೂ ಒಂದೊಂದು ಬದುವಿನ ಮೇಲೆ ನಡೆದು ಬೇರಿಕೆ ರಸ್ತೆ ಸೇರುತ್ತಿದ್ದರು. ಒಂದೂರಿಗೆ ಬಸ್ಸು ತುಂಬುವಷ್ಟು ಜನವಿಲ್ಲ, ಸರಿ. ಎಲ್ಲ ಊರುಗಳನ್ನೂ ಒಂದು ಗುಡಿಯ ಮುಂದೆ ನಿಲ್ಲಿಸಿದರೆ? ಅದನ್ನು ಯಾರೂ ಯೋಚಿಸಿರಲಿಲ್ಲ. ಒಟ್ಟಿಗೆ ಸುರಿಯುವವನಿಗೇ ಹೊಳೆಯಬೇಕಾದ ವಿಷಯ ಅದು! ಮನೆಮನೆಗೂ ಹೋದೆ. “ನಮ್ಮೂರ ಗುಡಿ ತಾವ್ಕೆ ಬರ್ರಣ್ಣ, ಬಸ್ ಬತ್ತೈತೆ” ಎಂದೆ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ತಮಿಳಿನವರಿಗೆ ನನ್ನ ತಮಿಳಿನಲ್ಲಿ. ಸಂಜೆಯ ಹೊತ್ತಿಗೆ ಕಾಲು ಕೊರಡಾಗಿತ್ತು, ಬಸ್ಸು ಅರ್ಧವಲ್ಲ, ಮುಕ್ಕಾಲು ತುಂಬಿತ್ತು. ಸೋಮವಾರ ಸಾಹೇಬರು ಒಬ್ಬೊಬ್ಬರನ್ನೂ ಕರೆಸಿ, ಮುಟ್ಟಿ ನೋಡುವುದೊಂದು ಬಾಕಿ, ಅಷ್ಟು ವಿಚಾರಿಸಿ, ಒಪ್ಪಿದರು. ಬಸ್ಸು ಉಳಿಯಿತು! ನಾನು ಕಂಪ್ಯೂಟರ್ ಕೋಣೆಯಲ್ಲಿ ಒಬ್ಬನೇ ಕುಣಿದೆ. ಚಪ್ಪಲಿ ಇಲ್ಲದ್ದರಿಂದ ಸದ್ದಾಗಲಿಲ್ಲ.

ಅದೇ ಖುಷಿಯಲ್ಲಿ ಅಳಿಸಲು ಕೂತೆ. ಅಕ್ಕಯ್ಯಮ್ಮಜ್ಜಿಯನ್ನು ವೆಲ್ಡಿಂಗಿನಿಂದ ಬಿಡಿಸಿದೆ. ಪೂಜಾರಪ್ಪನನ್ನು ಕ್ರೇನಿನಿಂದ ಇಳಿಸಿದೆ. ಬಸವನನ್ನು ಅಳಿಸುವಾಗ ಮಾತ್ರ ಸ್ವಲ್ಪ ಸಂಕಟವಾಯಿತು. ಕೊನೆಗೆ ಇಬ್ಬರು ನಾಗರಾಜರು ಉಳಿದರು. ನಾಗರಾಜ ಎಂದರೆ ನಾನೇ. ಬಡ್ತಿ ಸಿಕ್ಕವರ ವಿವರ ಬದಲಾಗುವುದೋ ಇಲ್ಲವೋ ಪರೀಕ್ಷಿಸಲೆಂದು ನನ್ನದೇ ಒಂದು ನಕಲು ಮಾಡಿ, ಅವನಿಗೆ ಸೂಪರ್‌ವೈಸರ್ ಕೆಲಸ, ಹೊಸೂರು ಟೌನಿನಲ್ಲಿ ಮನೆ ದಯಪಾಲಿಸಿದ್ದೆ. ನನಗೆ ಸಿಗದ್ದನ್ನೆಲ್ಲ ಅವನಿಗೆ ಕೊಟ್ಟಿದ್ದೆ ಎನ್ನಿ. ಇಬ್ಬರಲ್ಲಿ ಒಬ್ಬನನ್ನು ಅಳಿಸಿ, ಯಂತ್ರಕ್ಕೆ ಕೈಮುಗಿದು, ಮಫ್ಲರ್ ಬಿಚ್ಚಿ ಮನೆಗೆ ಹೊರಟೆ.

ಬೆಳಿಗ್ಗೆ ಗುಡಿಯ ಮುಂದೆ ಜಾತ್ರೆಯಂತೆ ಜನ. ಸುತ್ತಲ ಊರಿನವರೆಲ್ಲ ನನ್ನ ಬೆನ್ನು ತಟ್ಟಿದರು. ಸರೋಜ ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಬಂತು. ಮಾವನ ಪ್ರಕರಣದ ಮೇಲೆ ಪೆರುಮಾಳ್ ಬಹಳ ಕಟ್ಟುನಿಟ್ಟಾಗಿದ್ದ. ಕಾಗದ ನೋಡಿ ಒಬ್ಬೊಬ್ಬರನ್ನೇ ಹತ್ತಿಸಿದ. ಎಲ್ಲರೂ ಹತ್ತಿದ ಮೇಲೆ ನಾನು ಗತ್ತಿನಿಂದ ಮೆಟ್ಟಿಲ ಮೇಲೆ ಕಾಲಿಟ್ಟೆ. “ನಿಮ್ ಹೆಸ್ರು ಈ ಊರ್ನಾಗಿಲ್ಲ” ಎಂದ ಪೆರುಮಾಳ್. ಕಾಗದವನ್ನು ಕೆಳಕ್ಕೆ ಎಳೆದು, ಊರಿಗೆಲ್ಲ ಕೇಳುವಂತೆ ಓದಿದ: “ನಾಗರಾಜ, ಸೂಪರ್‌ವೈಸರ್, ಹೊಸೂರು ಟೌನ್. ಅಲ್ಲೇ ಹತ್ಬೇಕು ಸಾರ್ ನೀವು. ಆರ್ಡ್ರು.” ಬಾಗಿಲು ಹಾಕಿಕೊಂಡು, ನಾನು ತರಿಸಿದ ಬಸ್ಸು, ನಾನು ತುಂಬಿಸಿದ ಬಸ್ಸು, ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

ತಿರುಗಿ ನೋಡಿದರೆ ಸರೋಜ. “ಹೊಸೂರ್ನಾಗೆ ಯಾವಾಗ ಮನೆ ಮಾಡಿದ್ರಿ? ಅಲ್ಯಾರವ್ರೆ?” ಎಂದಳು. ನಾನು ಬೀದಿಯಲ್ಲೇ ನಿಂತು, ಟ್ರಯಲ್ ಎಂದರೇನು, ಅಸಲಿ ಎಂದರೇನು, ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂದು ಮದರಾಸಿನ ಇಂಜಿನಿಯರಿಗಿಂತ ಚೆನ್ನಾಗಿ ವಿವರಿಸಿದೆ. ಆ ಟೌನಿನ ನಾಗರಾಜ ಬರೀ ಸುಳ್ಳು, ಆಫೀಸಿಗೆ ಹೋದ ತಕ್ಷಣ ಅವನನ್ನು ಅಳಿಸಿ ನನ್ನನ್ನು ಮತ್ತೆ ಬರೆಯುತ್ತೇನೆ ಎಂದು ಮುನೇಶ್ವರನ ಮೇಲೆ ಆಣೆ ಇಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅರ್ಥವೂ ಆಯಿತು, ಅವಳು ಜಾಣೆ.

“ಸೂಪರ್‌ವೈಸರ್ ಅಂತೆ, ಟೌನ್ನಾಗೆ ಮನೆ ಅಂತೆ” ಎಂದಳು. “ಅಂಥವನ್ನ ಯಾಕ್ ಅಳಿಸ್ತೀರ? ಇರ್ಲಿ ಬಿಡಿ.” ಎಂದವಳೇ ಹಿತ್ತಿಲಿಗೆ ಹೋಗಿ ನನ್ನ ಸೈಕಲ್ಲನ್ನು ತಳ್ಳಿಕೊಂಡು ಬಂದು ನನ್ನ ಕೈಗೆ ಕೊಟ್ಟಳು.