ಲೂಯಿ ದೊರೆ ಗೆದ್ದ ಕ್ರಾಂತಿ

ಪುರುಷೋತ್ತಮ ಮಾಷ್ಟ್ರಿಗೆ ಆಪತ್ತು ಬಂದದ್ದು ಅವರ ನಾಲಿಗೆಯಿಂದಲೇ. ಹಿಂದಿನ ವಾರ ಕುಂಬಳೆಯಲ್ಲಿ ನಡೆದ ಅಧ್ಯಾಪಕರ ಸಭೆಯಲ್ಲಿ ಶಿಕ್ಷಣಾಧಿಕಾರಿ ಮಹಾಲಿಂಗ ಅವರು, "ಇಂಟರ್ನೆಟ್ಟಿನಲ್ಲಿ ಪಾಠಕ್ಕೆ ಬೇಕಾದ್ದು ಹುಡುಕಿ ಮಕ್ಕಳಿಗೆ ತೋರಿಸದವರಿಗೆ ಓಣಂ ರಜೆಯಲ್ಲಿ ತಿರುವನಂತಪುರದಲ್ಲಿ ತರಬೇತಿ ಉಂಟು" ಎಂದು ಸಾರಿದರು. ಅದೇ ರಜೆಯಲ್ಲಿ ಹೆಂಡತಿ ಹರಿಣಾಕ್ಷಿಯ ತಮ್ಮ ಸುಧೀರನ ಮದುವೆ. ಅದನ್ನು ತಪ್ಪಿಸಿದ ಬಾವನಿಗೆ ಆ ಮನೆಯಲ್ಲಿ ಮುಂದೆ ಕುಡಿಯಲು ನೀರು ಸಿಗುವುದೂ ಅನುಮಾನ. ಮಾಷ್ಟ್ರು ಎದ್ದು ನಿಂತು, "ನಾನು ದಿನಾ ತೋರಿಸ್ತೇನೆ ಸರ್. ಕನ್ನಡದಲ್ಲಿ ಬೇಕಾದಷ್ಟು ಉಂಟು" ಎಂದುಬಿಟ್ಟರು.

"ಹೌದಾ? ಹಾಗಾದ್ರೆ ಮಂಗಳವಾರ ನೋಡ್ಲಿಕ್ಕೆ ಬರ್ತೇನೆ. ಸರಿ ಕಂಡ್ರೆ ತರಬೇತಿಯ ಪಟ್ಟಿಯಿಂದ ನಿಮ್ಮ ಹೆಸರು ಬಿಡುವ" ಎಂದರು ಮಹಾಲಿಂಗ.

ಪುತ್ತಿಗೆ ಕಡೆಯ ಆ ಗಡಿನಾಡ ಕನ್ನಡ ಶಾಲೆಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದು ಕೆಲವು ತಿಂಗಳಾಗಿದ್ದವು. ಮಾಷ್ಟ್ರು ಅವುಗಳನ್ನು ಹೊಸ ಮದುಮಗಳಂತೆ ದೂರದಿಂದ ನೋಡಿದ್ದರೇ ಹೊರತು ಮುಟ್ಟಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬೇಗ ಬಂದು, ನೆಟ್ ಸಿಗುವ ಒಂದೇ ಜಾಗವಾದ ಕಿಟಕಿಯ ಪಕ್ಕ ಕುಳಿತು, ಹತ್ತನೆಯ ತರಗತಿಯ ಚರಿತ್ರೆ ಪಾಠಕ್ಕೆ ಫ್ರೆಂಚ್ ಕ್ರಾಂತಿಯ ವಿಡಿಯೋ ಹುಡುಕತೊಡಗಿದರು. ಕನ್ನಡದಲ್ಲಿ ಮೊದಲು ಸಿಕ್ಕವನು ಪ್ಯಾರಿಸಿನಲ್ಲಿ ಅಗ್ಗದ ಹೋಟೆಲು ತೋರಿಸುವ ಒಬ್ಬ. ಆಮೇಲೆ ಸಿಕ್ಕವನು ಸರಕಾರಿ ಕೆಲಸದ ಪರೀಕ್ಷೆಗೆ ಕಲಿಸುವವನು, ಇಡೀ ಕ್ರಾಂತಿಯನ್ನು ಒಂದೇ ಉಸಿರಿನಲ್ಲಿ ಮುಗಿಸಿ ಮುಂದಿನ ಪ್ರಶ್ನೆಗೆ ಓಡಿದ. ಮಲಯಾಳದಲ್ಲಿ ಒಳ್ಳೆಯದಿತ್ತು, ಆದರೆ ಕನ್ನಡದಲ್ಲಿ ಬೇಕಾದಷ್ಟು ಉಂಟು ಎಂದದ್ದು ಅವರ ಬಾಯಿಯೇ ಅಲ್ಲವೇ.

"ಎಂತ ಮಾಷ್ಟ್ರೇ, ಸಿಕ್ಕಿತಾ?" ಎಂದು ವಿಜ್ಞಾನದ ಮೂಕಾಂಬಿಕಾ ಟೀಚರ್ ಇಣುಕಿದರು. "ನಾನು ಹೃದಯದ ಪಾಠಕ್ಕೆ ಹುಡುಕಿದಾಗ್ಲೂ ಹೀಗೇ. ಕಡೆಗೆ ನನ್ನ ಹೃದಯವೇ ಜೋರು ಹೊಡ್ಕೊಂಡಿತು."

ಹೆಡ್‌ಮಾಷ್ಟ್ರು ಗುಣಪಾಲ ಸಮಾಧಾನ ಹೇಳಲು ಬಂದವರು, "ತಿರುವನಂತಪುರಕ್ಕೆ ರಾತ್ರಿ ಟ್ರೈನು ಒಳ್ಳೇದು. ಮಲಗಿದ್ರೆ ಗೊತ್ತೇ ಆಗುವುದಿಲ್ಲ" ಎಂದು ಹೇಳಿ ಹೋದರು.

ಆಗ ಬಂದವರು ಕನ್ನಡ ಪಂಡಿತ ಶಿವಸುಬ್ರಹ್ಮಣ್ಯರು. ಅವರು ಊರಿಗೆಲ್ಲ ತಾಳಮದ್ದಳೆಯ ಅರ್ಥಧಾರಿಯೆಂದೇ ಪರಿಚಿತರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಬರೀ ಮಾತಿನಿಂದ ಕೌರವನನ್ನು ತಂದು ನಿಲ್ಲಿಸುವವರು. ಅವರು ಕೌರವನಾದ ದಿನ ಎದುರಿಗೆ ಕೂತ ಕೃಷ್ಣ ಪದೇ ಪದೇ ನೀರು ಕುಡಿಯುತ್ತಾನೆ ಎಂಬುದು ಪ್ರತೀತಿ.

"ಇಂಗ್ಲಿಷಿನದ್ದು ಉಂಟಲ್ಲ, ಅದನ್ನೇ ಹಾಕಿ. ಶಬ್ದ ತೆಗೀರಿ" ಎಂದರು ಪಂಡಿತರು. "ಅರ್ಥ ನಾವು ಹೇಳುವ. ನಾನು ಲೂಯಿ ದೊರೆ, ನೀವು ಪ್ರಜೆ. ಕನ್ನಡ ಆಯ್ತಲ್ಲ ಮಾರಾಯ್ರೆ."

ಮುಳುಗುವವರು ಹಗ್ಗ ಯಾರದೆಂದು ಕೇಳುವುದಿಲ್ಲ. ಮಾಷ್ಟ್ರು ಒಪ್ಪಿದರು.

ಮಹಾಲಿಂಗ ಅವರು ಹಿಂದಿನ ಬೆಂಚಿನಲ್ಲಿ ಕುಳಿತು, ದಾಖಲೆಗೆಂದು ಮೊಬೈಲಿನಲ್ಲಿ ವಿಡಿಯೋ ಹಿಡಿಯತೊಡಗಿದರು. ಪರದೆಯ ಮೇಲೆ ಅರಮನೆ ಮೂಡಿತು. ಪುರುಷೋತ್ತಮ ಮಾಷ್ಟ್ರು ಗಂಟಲು ಸರಿಮಾಡಿಕೊಂಡು, "ದೊರೆಯೇ, ನಾವು ಹಸಿದಿದ್ದೇವೆ. ನಮಗೆ ರೊಟ್ಟಿ ಇಲ್ಲ" ಎಂದರು.

ಪಂಡಿತರು ಹೆಗಲ ಮೇಲಿನ ಶಾಲು ಸರಿಸಿದರು. ಪುರುಷೋತ್ತಮ ಮಾಷ್ಟ್ರಿಗೆ ಆಗಲೇ ಸಣ್ಣಗೆ ಭಯವಾಯಿತು.

"ಹಸಿದಿದ್ದೇನೆಂದೆಯಾ ಪ್ರಜೆಯೇ? ಮೂರು ದಿನಗಳಿಂದ ನನ್ನ ಹೆಬ್ಬಾಗಿಲಲ್ಲಿ ಬೊಬ್ಬಿಡುತ್ತಿರುವೆ. ಹಸಿದ ಹೊಟ್ಟೆಯಿಂದ ಇಷ್ಟು ದೊಡ್ಡ ದನಿ ಹೊರಡುವುದುಂಟೇ? ನಿನಗೆ ಉಣ್ಣಿಸಿ ಕಳುಹಿಸಿದವರಾರು, ಅದನ್ನು ಮೊದಲು ಹೇಳು."

ಮಕ್ಕಳು ನಕ್ಕರು. ಮಾಷ್ಟ್ರು ತಡವರಿಸಿ, "ಅದಿರಲಿ, ನಾವು ಬಾಸ್ಟಿಲ್ ಸೆರೆಮನೆ ಒಡೆಯುತ್ತೇವೆ" ಎಂದರು.

"ಒಡೆ. ಸೆರೆಮನೆ ಒಡೆದವನು ಅಪರಾಧಿ. ಅವನನ್ನು ಇಡುವುದಕ್ಕೆ ಸೆರೆಮನೆ ಬೇಕು. ಅದನ್ನು ನೀನೇ ಒಡೆದಿದ್ದೀಯೆ. ಈಗ ನಿನ್ನನ್ನು ಎಲ್ಲಿಡಲಿ?"

"ನಮಗೆ ಸಮಾನತೆ ಬೇಕು" ಎಂದರು ಮಾಷ್ಟ್ರು, ಪುಸ್ತಕದಲ್ಲಿ ದಪ್ಪಕ್ಷರದಲ್ಲಿದ್ದ ಒಂದೇ ಪದವನ್ನು ಗಟ್ಟಿಯಾಗಿ ಹಿಡಿದುಕೊಂಡು.

"ಕೊಟ್ಟೆ. ಇನ್ನು ನೀನೂ ನಾನೂ ಸಮಾನರು. ಹಾಗಿರುವಾಗ ಕೊಡಲಿಗೆ ನನ್ನ ಕೊರಳು ಮಾತ್ರ ಏಕೆ? ನಿನ್ನದನ್ನೂ ಚಾಚು."

ತರಗತಿ ಚಪ್ಪಾಳೆಯಿಂದ ತುಂಬಿತು. ಮಾಷ್ಟ್ರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮುಂದಿನ ಬೆಂಚಿನ ನಿಖಿತಾ ಎದ್ದು ನಿಂತು, "ಸರ್, ಈ ರಾಜನದ್ದು ಎಂತ ತಪ್ಪು ಉಂಟು? ಅವರನ್ನು ಬಿಟ್ಟುಬಿಡುವ" ಎಂದಳು. ಉಳಿದವರು ಹೌದು ಹೌದು ಎಂದರು. ಪರದೆಯ ಮೇಲಿನ ಕ್ರಾಂತಿಗೆ ಇದೆಲ್ಲ ತಿಳಿಯದೆ ಅದು ತನ್ನಷ್ಟಕ್ಕೆ ದೊರೆಯ ತಲೆ ಕಡಿಯುವ ಸಿದ್ಧತೆ ನಡೆಸಿತ್ತು.

"ಮಕ್ಕಳೇ, ಇಸವಿ ಸಾವಿರದ ಏಳುನೂರ ತೊಂಬತ್ತಮೂರರಲ್ಲಿ ಇವರ ತಲೆ ಹೋಗ್ಲೇಬೇಕು. ಪರೀಕ್ಷೆಗೆ ಬರ್ತದೆ" ಎಂದು ಮಾಷ್ಟ್ರು ಅಂಗಲಾಚಿದರು.

"ಮಾಷ್ಟ್ರೇ, ರಸಭಂಗ ಮಾಡ್ಬೇಡಿ" ಎಂದಿತು ಹಿಂದಿನ ಬೆಂಚು. ಅಂದವರು ಶಿಕ್ಷಣಾಧಿಕಾರಿ.

ಊಟದ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಲೂಯಿ ದೊರೆ ತಲೆ ಉಳಿಸಿಕೊಂಡು, ಪ್ರಜೆಯನ್ನು ಕ್ಷಮಿಸಿ, ಮಂಗಳ ಹಾಡಿದ ಮೇಲೆಯೇ ಪಾಠ ಮುಗಿಯಿತು. ಮಹಾಲಿಂಗ ಅವರು ಪಂಡಿತರ ಕೈ ಹಿಡಿದು ಕುಲುಕಿದರು, ಪುರುಷೋತ್ತಮ ಮಾಷ್ಟ್ರ ಬೆನ್ನು ತಟ್ಟಿದರು. "ಬಹಳ ಚೆನ್ನಾಯ್ತು. ನಿಮಗೆ ತರಬೇತಿಯ ಅಗತ್ಯವೇ ಇಲ್ಲ" ಎಂದರು.

ಮಾಷ್ಟ್ರಿಗೆ ಸೋತ ನಾಚಿಕೆಯೆಲ್ಲ ಇಳಿದುಹೋಯಿತು. ಫ್ರಾನ್ಸ್ ಏನಾದರೇನು, ಮದುವೆ ಉಳಿಯಿತಲ್ಲ. ಕೂಡಲೇ ಮನೆಗೆ ಫೋನ್ ಮಾಡಿ, "ಸುಧೀರನಿಗೆ ಹೇಳು, ಬಾವ ಚಪ್ಪರ ಹಾಕುವಲ್ಲಿಂದ ತೆಗೆಯುವವರೆಗೂ ಇರ್ತಾರೆ ಅಂತ" ಎಂದರು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವರಿಗೆ ಮರುದಿನದ ನೆನಪಾಯಿತು. ಆ ಮಕ್ಕಳಿಗೆ ನಿಜವಾದ ಕ್ರಾಂತಿಯನ್ನು ಕಲಿಸಲೇಬೇಕಿತ್ತು. ಮೊಬೈಲಿನಲ್ಲಿ ಮತ್ತೊಮ್ಮೆ ಫ್ರೆಂಚ್ ಕ್ರಾಂತಿ ಎಂದು ಕನ್ನಡದಲ್ಲಿ ಬರೆದು ಹುಡುಕಿದರು. ಬೆಳಿಗ್ಗೆ ಇಲ್ಲದ ಒಂದು ವಿಡಿಯೋ ಈಗ ಎಲ್ಲಕ್ಕಿಂತ ಮೇಲೆ ಕೂತಿತ್ತು. ಖುಷಿಯಿಂದ ಒತ್ತಿದರು. ಅದರಲ್ಲಿ ಕಂಡದ್ದು ಬಾಯಿ ತೆರೆದುಕೊಂಡು ನಿಂತ ಪುರುಷೋತ್ತಮ ಮಾಷ್ಟ್ರೇ.

ಅಷ್ಟರಲ್ಲಿ ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ಮಹಾಲಿಂಗ ಅವರ ಸಂದೇಶ ಬಂತು. "ಕನ್ನಡದಲ್ಲಿ ಕೊನೆಗೂ ಒಂದು ಒಳ್ಳೆಯ ಪಾಠ ಸಿಕ್ಕಿದೆ. ಎಲ್ಲರೂ ತರಗತಿಯಲ್ಲಿ ತೋರಿಸಿ. ಓಣಂ ರಜೆಯ ತರಬೇತಿಯಲ್ಲಿ ಇದರದೇ ಪ್ರಾತ್ಯಕ್ಷಿಕೆ. ಪಂಡಿತರಿಗೆ ಆ ದಿನಗಳಲ್ಲಿ ಬೇರೆ ತಾಳಮದ್ದಳೆ ಕೂಟಗಳು ಇರುವುದರಿಂದ ಲೂಯಿಯ ಪಾತ್ರ ನಾನೇ ಮಾಡುತ್ತೇನೆ. ತಿರುವನಂತಪುರಕ್ಕೆ ಪ್ರಜೆಯ ಟಿಕೇಟು ಆಗಿದೆ."

ಮೊಬೈಲು ರಿಂಗಾಯಿತು. ಹರಿಣಾಕ್ಷಿ.

"ಸುಧೀರ ಒಂದು ವಿಡಿಯೋ ಕಳಿಸಿದ್ದಾನೆ. ಅಷ್ಟು ಜನರ ಎದುರು ಒಂದು ಮಾತಿಗೂ ಉತ್ತರ ಇಲ್ವಲ್ಲ ನಿಮ್ಮಲ್ಲಿ" ಎಂದಳು ಅವಳು. "ಅದಿರ್ಲಿ. ಮದುವೆಗೆ ಬರ್ತೀರಿ ಅಲ್ವಾ?"

ಪುರುಷೋತ್ತಮ ಮಾಷ್ಟ್ರು ಬಾಯಿ ತೆರೆದರು. ಅದು ವಿಡಿಯೋದಲ್ಲಿದ್ದಂತೆಯೇ ತೆರೆದುಕೊಂಡು ನಿಂತಿತು.